ಬೆಳ್ಳಗಿರುವುದೆಲ್ಲ ಹಾಲಲ್ಲ



ಕಳೆದ ತಿಂಗಳ ಅಂಚೆಯಲ್ಲಿ ನಮಗೊಂದು ಪತ್ರ ಬಂದಿತು. ಬರೆದವರು ಗದಗ ಕಡೆಯ ಹಳ್ಳಿಯೊಂದರ ಹಿರಿಯ ತಾಯಿ. ಅವರ ಮನೆಯಲ್ಲಿ ಮೂರು ವರ್ಷದ ಮೊಮ್ಮಗಳಿದ್ದಾಳೆ. ಮಗನ ಮೊಬೈಲಿಗೆ ಬಂದ ಸಂದೇಶವೊಂದನ್ನು ಓದಿದ ದಿನದಿಂದ ಮನೆಯವರು ಆ ಕೂಸಿಗೆ ಹಾಲು ಕೊಡುವುದನ್ನೇ ನಿಲ್ಲಿಸಿದ್ದಾರೆ. "ಹಾಲೆಲ್ಲ ವಿಷ ಆಗೇದಂತ. ಕರಿಚಹಾದಾಗ ಬಿಸ್ಕೀಟು ಅದ್ದಿ ಕೊಡಾಕತ್ತೇವಿ. ಕೂಸು ಸೊರಗೇದ. ನಾವು ಮಾಡಿದ್ದು ಸರಿಯೋ ತಪ್ಪೋ, ತಿಳಿದವರು ತಿಳಿಸ್ರಿ" ಎಂದು ಅವರು ಬರೆದಿದ್ದಾರೆ. ಇಷ್ಟು ಸಣ್ಣ ಪತ್ರಕ್ಕೆ ಸಣ್ಣ ಉತ್ತರ ಸಾಲದು ಎನಿಸಿದ್ದರಿಂದ ಈ ತಿಂಗಳ ಅಂಕಣವನ್ನೇ ಅದಕ್ಕೆ ಮೀಸಲಿಟ್ಟಿದ್ದೇವೆ.

ಆ ಸಂದೇಶ ಯಾವುದೆಂಬುದು ನಮಗೂ ಗೊತ್ತು. ಹಾಲಿನ ಕಲಬೆರಕೆಯನ್ನು ತಡೆಯದಿದ್ದರೆ 2025ರ ವೇಳೆಗೆ ಭಾರತದ ಶೇಕಡಾ 87ರಷ್ಟು ಜನರಿಗೆ ಕ್ಯಾನ್ಸರ್ ತಗಲುವುದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ ಎಂಬ ಮಾತು ಹಲವು ವರ್ಷಗಳಿಂದ ಊರೂರು ಸುತ್ತುತ್ತಿದೆ. ಅಂಥ ಯಾವ ಎಚ್ಚರಿಕೆಯನ್ನೂ ಆ ಸಂಸ್ಥೆ ನೀಡಿಲ್ಲವೆಂದು ಕೇಂದ್ರ ಸರ್ಕಾರದ ಪಶುಸಂಗೋಪನಾ ಇಲಾಖೆ 2023ರಲ್ಲಿ ಬಹಿರಂಗವಾಗಿಯೇ ಸ್ಪಷ್ಟಪಡಿಸಿತು. ಆದರೆ "ಅದು ಸುಳ್ಳು, ಹಾಲೆಲ್ಲ ಅಮೃತ" ಎಂದು ಹೇಳಿ ನಾವು ಕೈತೊಳೆದುಕೊಂಡರೆ ಅದೂ ಅರ್ಧಸತ್ಯವೇ ಆದೀತು. ಹಾಲಿಗೆ ಮೋಸ ಹೊಗುವುದುಂಟು, ಕೆಲವೊಮ್ಮೆ ವಿಷವೂ ಹೊಗುವುದುಂಟು. ಎಲ್ಲಿ, ಯಾವುದು, ಎಷ್ಟು ಎಂಬುದನ್ನು ಹೇಳಬಲ್ಲದ್ದು ಭಯವಲ್ಲ, ಅಳತೆ. ಆ ಅಳತೆಯ ಕಥೆಯನ್ನೇ ಇಂದು ಹೇಳಬೇಕೆಂದಿದ್ದೇವೆ.

ನಮ್ಮ ಹಿರಿಯರ ಬಳಿ ಪ್ರಯೋಗಾಲಯವಿರಲಿಲ್ಲ. ಆದರೆ ಪರೀಕ್ಷೆ ಇರಲಿಲ್ಲವೆಂದಲ್ಲ. ಹಾಲನ್ನು ಮೂಸಿ ನೋಡುತ್ತಿದ್ದರು, ಉಗುರಿನ ಮೇಲೆ ಹನಿಯಿಟ್ಟು ನೋಡುತ್ತಿದ್ದರು, ಒಲೆಯ ಮೇಲಿಟ್ಟಾಗ ಒಡೆಯಿತೇ, ಕೆನೆ ಎಷ್ಟು ದಪ್ಪಗೆ ಕಟ್ಟಿತು, ಹೆಪ್ಪು ಹಾಕಿದಾಗ ಮೊಸರು ಗಟ್ಟಿಯಾಯಿತೇ ಎಂದು ಗಮನಿಸುತ್ತಿದ್ದರು. ಇವೆಲ್ಲ ಬೆಲೆಯುಳ್ಳ ಪರೀಕ್ಷೆಗಳೇ. ಮನೆಯ ಹಿತ್ತಲಲ್ಲಿ ಕಟ್ಟಿದ ಎಮ್ಮೆಯ ಹಾಲಿಗೆ, ಕಂಡರಿತ ಗೌಳಿಯ ಹಾಲಿಗೆ ಅವು ಬಹುಮಟ್ಟಿಗೆ ಸಾಕಾಗುತ್ತಿದ್ದವು. ಆದರೆ ನೂರಾರು ಮನೆಗಳ ಹಾಲು ಒಂದೇ ಟ್ಯಾಂಕರಿನಲ್ಲಿ ಕೂಡಿ, ನೂರಾರು ಮೈಲಿ ಸಾಗಿ, ಚೀಲದಲ್ಲಿ ತುಂಬಿ ಬಾಗಿಲಿಗೆ ಬರುವ ಕಾಲದಲ್ಲಿ ಕಣ್ಣು ಮೂಗು ನಾಲಿಗೆಗಳ ಸಾಕ್ಷ್ಯವೊಂದೇ ಸಾಲದಾಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಮನುಷ್ಯರನ್ನು ಕುರಿತು ಹುಟ್ಟಿದ್ದಿರಬಹುದು. ಈಗ ಅದು ಹಾಲನ್ನು ಕುರಿತೇ ನಿಜವಾಗಿದೆ.

ಹಾಲಿಗೆ ಮೊದಲು ಸೇರಿದ ಮೋಸ ನೀರು. ಅದನ್ನು ಹಿಡಿಯಲು ಬಂದ ಮೊದಲ ಉಪಕರಣ ಲ್ಯಾಕ್ಟೋಮೀಟರ್ ಎಂಬ ಗಾಜಿನ ತೇಲುಗೊಳವೆ. ನೀರಿನ ಸಾಂದ್ರತೆಯನ್ನು 1 ಎಂದು ಹಿಡಿದರೆ ಹಸುವಿನ ಹಾಲಿನದು ಸುಮಾರು 1.028ರಿಂದ 1.032ರವರೆಗೆ ಇರುತ್ತದೆ. ನೀರು ಬೆರೆಸಿದಂತೆಲ್ಲ ಹಾಲು ತೆಳುವಾಗಿ ಗೊಳವೆ ಹೆಚ್ಚು ಆಳಕ್ಕಿಳಿಯುತ್ತದೆ. ಎಷ್ಟು ಸರಳ, ಎಷ್ಟು ಸುಂದರ! ಆದರೆ ಮನುಷ್ಯನ ಬುದ್ಧಿ ಅದಕ್ಕಿಂತ ಚುರುಕು. ಹಾಲಿನ ಕೆನೆ ನೀರಿಗಿಂತಲೂ ಹಗುರ. ಕೆನೆಯನ್ನು ತೆಗೆದರೆ ಉಳಿದ ಹಾಲಿನ ಸಾಂದ್ರತೆ ಏರುತ್ತದೆ. ಆಮೇಲೆ ಅಳತೆಯರಿತು ನೀರು ಹಾಕಿದರೆ ಅದು ಮೊದಲಿನ ಅಂಕಿಗೇ ಬಂದು ನಿಲ್ಲುತ್ತದೆ. ಒಂದಲ್ಲ, ಎರಡು ಮೋಸಗಳು ಕೂಡಿ ಲ್ಯಾಕ್ಟೋಮೀಟರಿನ ಮುಂದೆ ಪ್ರಾಮಾಣಿಕ ಹಾಲಿನಂತೆ ನಿಂತುಬಿಡುತ್ತವೆ. ಗೊಳವೆ ಸುಳ್ಳು ಹೇಳಲಿಲ್ಲ. "ಸಾಂದ್ರತೆ ಎಷ್ಟು?" ಎಂದು ಅದನ್ನು ಕೇಳಲಾಯಿತು; ಅಷ್ಟಕ್ಕೇ ಅದು ಉತ್ತರ ಹೇಳಿತು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಅಳತೆಯೆಂಬುದು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಕೇಳದ ಪ್ರಶ್ನೆಗೆ ಅದು ಮೂಕ.

ಕೆನೆಯನ್ನೇ ನೇರವಾಗಿ ಅಳೆಯುವ ಸುಲಭೋಪಾಯವನ್ನು 1890ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸ್ಟೀಫನ್ ಬ್ಯಾಬ್ಕಾಕ್ ಎಂಬ ವಿಜ್ಞಾನಿ ಪ್ರಕಟಿಸಿದರು. ಹಾಲಿಗೆ ಗಂಧಕಾಮ್ಲ ಬೆರೆಸಿ ಉಳಿದ ಅಂಶಗಳನ್ನು ಕರಗಿಸಿ, ಸೀಸೆಯನ್ನು ವೇಗವಾಗಿ ತಿರುಗಿಸಿದರೆ ಜಿಡ್ಡೆಲ್ಲ ಮೇಲೆ ಬಂದು ಸೀಸೆಯ ಕೊರಳಿನ ಗೆರೆಗಳಲ್ಲಿ ನಿಲ್ಲುತ್ತದೆ. ಆ ವಿಧಾನಕ್ಕೆ ಅವರು ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಎಲ್ಲರಿಗೂ ಸಲ್ಲಲಿ ಎಂದು ಬಿಟ್ಟುಕೊಟ್ಟರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಸ್ವಿಟ್ಜರ್ಲೆಂಡಿನ ಗರ್ಬರ್ ಎಂಬವರು ರೂಪಿಸಿದ ಇದೇ ಬಗೆಯ ವಿಧಾನವು ನಮ್ಮ ದೇಶದ ಡೇರಿಗಳಲ್ಲಿ ಹೆಚ್ಚು ಬಳಕೆಗೆ ಬಂದಿತು.

ಇದರಿಂದ ಆದ ದೊಡ್ಡ ಉಪಕಾರ ನ್ಯಾಯದ್ದು. ಹಾಲನ್ನು ಬರಿಯ ಲೀಟರಿನಿಂದ ಕೊಳ್ಳುತ್ತಿದ್ದಾಗ ಎಂಟು ಲೀಟರ್ ಗಟ್ಟಿ ಹಾಲು ತಂದವಳಿಗಿಂತ ಅದಕ್ಕೆ ಎರಡು ಲೀಟರ್ ನೀರು ಕೂಡಿಸಿ ಹತ್ತು ಮಾಡಿ ತಂದವನಿಗೆ ಹೆಚ್ಚು ಹಣ ಸಿಗುತ್ತಿತ್ತು. ಪ್ರಾಮಾಣಿಕತೆಗೆ ದಂಡ, ಮೋಸಕ್ಕೆ ಬಹುಮಾನ. ಇಂದು ನಮ್ಮ ಹಳ್ಳಿಗಳ ಹಾಲು ಉತ್ಪಾದಕರ ಸಂಘಗಳಲ್ಲಿ ಬೆಳಗಿನ ಸರದಿಯಲ್ಲಿ ನಿಂತವರನ್ನು ನೋಡಿರಿ. ಒಂದೇ ಎಮ್ಮೆಯನ್ನು ನೆಚ್ಚಿ ಬದುಕುವ ವಿಧವೆಯೊಬ್ಬಳ ಎರಡು ಲೀಟರಿಗೂ, ಹತ್ತು ಹಸು ಕಟ್ಟಿದ ಅನುಕೂಲಸ್ಥರ ಕ್ಯಾನಿಗೂ ಅದೇ ಸಣ್ಣ ಸೀಸೆ, ಅದೇ ಯಂತ್ರ, ಜಿಡ್ಡು ಮತ್ತು ಜಿಡ್ಡೇತರ ಘನಾಂಶದ ಅದೇ ಲೆಕ್ಕ. ಅಳತೆ ಅಲ್ಲಿ ಮೋಸಗಾರನನ್ನು ಹಿಡಿಯುವುದಕ್ಕಿಂತ ಮೊದಲು ಪ್ರಾಮಾಣಿಕಳನ್ನು ಕಾಪಾಡುತ್ತದೆ.

ಆದರೆ ಮೋಸ ಅಲ್ಲಿಗೆ ನಿಲ್ಲಲಿಲ್ಲ. ಘನಾಂಶ ಅಳೆಯತೊಡಗಿದಾಗ ಸಕ್ಕರೆ, ಉಪ್ಪು, ಪಿಷ್ಟ, ಯೂರಿಯಾ ಮುಂತಾದವು ಹಾಲಿಗಿಳಿದವು. ಪಿಷ್ಟವನ್ನು ಕಂಡುಹಿಡಿಯುವುದು ಸುಲಭ. ಕುದಿಸಿ ಆರಿಸಿದ ಹಾಲಿಗೆ ಒಂದೆರಡು ಹನಿ ಅಯೋಡಿನ್ ಹಾಕಿದರೆ ನೀಲಿ ಬಣ್ಣ ತಾನೇ ಸಾಕ್ಷಿ ನುಡಿಯುತ್ತದೆ. ಯೂರಿಯಾದ ಮಾತು ಹಾಗಲ್ಲ. ಯಾವ ಕಲಬೆರಕೆಯೂ ಇಲ್ಲದ ಹಾಲಿನಲ್ಲಿಯೂ ಸ್ವಲ್ಪ ಯೂರಿಯಾ ಸಹಜವಾಗಿಯೇ ಇರುತ್ತದೆ. ನಮ್ಮ ಕಾನೂನು ದಶಲಕ್ಷಕ್ಕೆ 700 ಭಾಗದವರೆಗೆ ಅದನ್ನು ಒಪ್ಪುತ್ತದೆ. ಆದುದರಿಂದ "ಯೂರಿಯಾ ಇದೆಯೇ?" ಎಂದು ಕೇಳಿದರೆ ಊರಿನ ಹಾಲೆಲ್ಲ ಅಪರಾಧಿಯೇ ಆದೀತು. "ಎಷ್ಟಿದೆ?" ಎಂದು ಕೇಳಿದಾಗ ಮಾತ್ರ ಹಸುವಿನದು ಯಾವುದು, ಗೊಬ್ಬರದ ಚೀಲದ್ದು ಯಾವುದು ಎಂದು ಬೇರೆಯಾದೀತು. ಹೆದರಿಸುವ ಸಂದೇಶಗಳಿಗೂ ಪ್ರಯೋಗಾಲಯದ ವರದಿಗೂ ಇರುವ ವ್ಯತ್ಯಾಸ ಇಷ್ಟೇ. ಮೊದಲನೆಯದು "ಇದೆ" ಎಂದು ಕೂಗುತ್ತದೆ, ಎರಡನೆಯದು "ಇಷ್ಟಿದೆ" ಎಂದು ಹೇಳುತ್ತದೆ.

ಕೇಳಬೇಕಾದ ಪ್ರಶ್ನೆಯನ್ನು ಕೇಳದೆ ಹೋದರೆ ಎಂಥ ಅನಾಹುತವಾದೀತು ಎಂಬುದಕ್ಕೆ ನಮ್ಮ ನೆರೆಯ ಚೀನಾ ದೇಶದ ಪ್ರಕರಣವನ್ನು ಹೇಳಲೇಬೇಕು. ಅದಕ್ಕೆ ಮೊದಲು ನಮ್ಮ ಭಾಷೆಯ ಎರಡು ಶಬ್ದಗಳನ್ನು ಓದುಗರ ಗಮನಕ್ಕೆ ತರುತ್ತೇವೆ. ನೈಟ್ರೋಜನ್ ಎಂಬ ಮೂಲವಸ್ತುವಿಗೆ ನಾವು ಸಾರಜನಕ ಎನ್ನುತ್ತೇವೆ. ಪ್ರೋಟೀನಿಗೆ ಸಸಾರಜನಕ ಎನ್ನುತ್ತೇವೆ, ಎಂದರೆ ಸಾರಜನಕದಿಂದ ಕೂಡಿದ್ದು. ಶಾಲೆಯ ಪುಸ್ತಕದಲ್ಲಿ ಈ ಶಬ್ದಗಳನ್ನು ಉರುಹಚ್ಚಿದವರಿಗೆ ಒಂದು ಅಕ್ಷರದ ಈ ಅಂತರ ಅಷ್ಟಾಗಿ ತೋರಿರಲಿಕ್ಕಿಲ್ಲ. ಆ ಒಂದು ಅಕ್ಷರದ ಎಡೆಯಲ್ಲಿಯೇ ಮಕ್ಕಳ ಪ್ರಾಣ ಹೋಯಿತು.

ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿದ್ದ ಯೋಹಾನ್ ಕೆಲ್ಡಾಲ್ 1883ರಲ್ಲಿ ಆಹಾರದ ಪ್ರೋಟೀನನ್ನು ಲೆಕ್ಕಹಾಕುವ ವಿಧಾನವೊಂದನ್ನು ಪ್ರಕಟಿಸಿದರು. ಆಹಾರವನ್ನು ಗಂಧಕಾಮ್ಲದಲ್ಲಿ ಕುದಿಸಿ, ಅದರೊಳಗಿನ ಸಾರಜನಕವನ್ನೆಲ್ಲ ಅಮೋನಿಯಾ ರೂಪಕ್ಕೆ ತಂದು, ಅದನ್ನು ಬಟ್ಟಿಯಿಳಿಸಿ ಅಳೆಯುವುದು. ಪ್ರೋಟೀನಿನ ತೂಕದಲ್ಲಿ ಸುಮಾರು ಶೇಕಡಾ 16 ಸಾರಜನಕ ಇರುವುದರಿಂದ ದೊರೆತ ಅಂಕಿಯನ್ನು 6.25ರಿಂದ ಗುಣಿಸುವುದು, ಹಾಲಿಗಾದರೆ 6.38ರಿಂದ. ಒಂದು ಶತಮಾನಕ್ಕೂ ಮೀರಿ ಜಗತ್ತಿನ ಪ್ರಯೋಗಾಲಯಗಳು ನೆಚ್ಚಿ ನಡೆದ ಗಟ್ಟಿ ವಿಧಾನವಿದು. ಆದರೆ ಅದು ಅಳೆಯುವುದು ಸಾರಜನಕವನ್ನು, ಪ್ರೋಟೀನನ್ನಲ್ಲ. ಇಲ್ಲಿರುವ ಸಾರಜನಕವೆಲ್ಲ ಪ್ರೋಟೀನಿನದೇ ಎಂಬ ನಂಬಿಕೆಯ ಮೇಲೆ ಆ ಗುಣಾಕಾರ ನಿಂತಿದೆ. ನಂಬಿಕೆಯನ್ನು ಮುರಿಯುವವನು ಬರುವವರೆಗೆ ಲೆಕ್ಕ ಸರಿಯಾಗಿಯೇ ಇರುತ್ತದೆ.

ಚೀನಾದಲ್ಲಿ ಹಾಲಿಗೆ ನೀರು ಬೆರೆಸುತ್ತಿದ್ದವರು ಆ ನಂಬಿಕೆಯನ್ನು ಮುರಿದರು. ನೀರು ಬೆರೆತ ಹಾಲಿನಲ್ಲಿ ಪ್ರೋಟೀನಿನ ಅಂಕಿ ಇಳಿಯುತ್ತದೆ. ಅದನ್ನು ಏರಿಸಲು ಅವರು ಮೆಲಮೈನ್ ಎಂಬ ಬಿಳಿಯ ಪುಡಿಯನ್ನು ಬೆರೆಸಿದರು. ಪ್ಲಾಸ್ಟಿಕ್ ತಟ್ಟೆಗಳನ್ನೂ ಹಲಗೆಗಳ ಅಂಟನ್ನೂ ಮಾಡಲು ಬಳಸುವ ಈ ವಸ್ತುವಿನ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಾರಜನಕವೇ. ಕೆಲ್ಡಾಲ್ ವಿಧಾನದ ಕಣ್ಣಿಗೆ ಅದು ಉತ್ಕೃಷ್ಟ ಪ್ರೋಟೀನಿನಂತೆ ಕಂಡಿತು. ಅದರಲ್ಲಿ ಸಾರಜನಕವಿತ್ತು, ಅದು ಸಸಾರಜನಕವಾಗಿರಲಿಲ್ಲ. ಆ ಹಾಲಿನಿಂದ ಮಾಡಿದ ಪುಡಿ ಹಸುಗೂಸುಗಳ ಬಾಯಿಗೆ ಹೋಯಿತು. 2008ರಲ್ಲಿ ಗಾನ್ಸು ಪ್ರಾಂತದ ವೈದ್ಯರ ಬಳಿಗೆ ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿದ ಎಳೆಗೂಸುಗಳು ಬರತೊಡಗಿದವು. ಎಳೆಗೂಸಿನ ಮೂತ್ರಪಿಂಡದಲ್ಲಿ ಕಲ್ಲು! ಆ ವರ್ಷದ ಸೆಪ್ಟೆಂಬರಿನಲ್ಲಿ ವಿಷಯ ಬಯಲಾಯಿತು. ಸುಮಾರು 3 ಲಕ್ಷ ಮಕ್ಕಳು ತೊಂದರೆಗೀಡಾದರು, 50,000ಕ್ಕೂ ಹೆಚ್ಚು ಮಕ್ಕಳು ಆಸ್ಪತ್ರೆ ಸೇರಿದರು, ಆರು ಕೂಸುಗಳು ತೀರಿಕೊಂಡವೆಂದು ಅಲ್ಲಿಯ ಸರ್ಕಾರವೇ ಹೇಳಿತು. ಪರೀಕ್ಷೆ ನಡೆಸಿದಾಗ ಒಂದಲ್ಲ, 22 ಕಂಪನಿಗಳ ಹಾಲಿನ ಪುಡಿಯಲ್ಲಿ ಮೆಲಮೈನ್ ಸಿಕ್ಕಿತು.

ಈ ದುರಂತದಲ್ಲಿ ನಮ್ಮನ್ನು ಹೆಚ್ಚು ಕಾಡುವ ಸಂಗತಿಗಳು ಎರಡು. ಮೊದಲನೆಯದು, ಹೆಸರುವಾಸಿ ಕಂಪನಿಗಳಿಗೆ ಅಲ್ಲಿಯ ಸರ್ಕಾರ ತಪಾಸಣೆಯಿಂದ ವಿನಾಯಿತಿ ನೀಡಿತ್ತು. ಎಂದರೆ, ಒಳ್ಳೆಯ ಹೆಸರು ಅಳತೆಯ ಜಾಗದಲ್ಲಿ ಬಂದು ಕುಳಿತಿತ್ತು. ಮಕ್ಕಳು ಸತ್ತ ಮೇಲೆ ಆ ಪದ್ಧತಿಯನ್ನು ರದ್ದುಮಾಡಲಾಯಿತು. ಎರಡನೆಯದು, ಮೋಸವನ್ನು ಹಿಡಿಯುವ ದಾರಿ ಮೊದಲೇ ಗೊತ್ತಿತ್ತು. ಆಮ್ಲವೊಂದರಿಂದ ಹಾಲಿನ ಪ್ರೋಟೀನನ್ನು ಗರಣೆಗಟ್ಟಿಸಿ ಬೇರೆ ತೆಗೆದು, ಉಳಿದ ತಿಳಿಯಲ್ಲಿ ಎಷ್ಟು ಸಾರಜನಕವಿದೆ ಎಂದು ನೋಡುವ ಕ್ರಮ ಎಷ್ಟೋ ದಶಕಗಳಷ್ಟು ಹಳೆಯದು. ಇನ್ನೊಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಖರ್ಚು ಹೆಚ್ಚೆಂದೋ, ಹೊತ್ತು ಹಿಡಿಯುವುದೆಂದೋ, ಯಾರೂ ಹೀಗೆ ಮಾಡಲಾರರೆಂದೋ ಅದನ್ನು ಕೇಳಲಿಲ್ಲ. ಅನಂತರ 2010ರಲ್ಲಿ ಅಂತರರಾಷ್ಟ್ರೀಯ ಆಹಾರ ಸಂಹಿತೆಯ ಆಯೋಗವು ಮಕ್ಕಳ ಹಾಲಿನ ಪುಡಿಯಲ್ಲಿ ಮೆಲಮೈನ್ ಕಿಲೋಗೆ 1 ಮಿಲಿಗ್ರಾಮನ್ನು ಮೀರಬಾರದೆಂದು ಮಿತಿ ಹಾಕಿತು.

ಇಲ್ಲಿಯವರೆಗೆ ಹೇಳಿದ್ದು ಮೋಸಗಾರರ ಕಥೆ. ಈಗ ಮೋಸಗಾರನೇ ಇಲ್ಲದ ವಿಷದ ಮಾತಿಗೆ ಬರೋಣ. ಅದು ನಮ್ಮ ನಿಮ್ಮ ಹಿತ್ತಲಿನದೇ.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದಾಗ ಅವುಗಳ ಮೇವಿನಲ್ಲಿದ್ದ ಶೇಂಗಾ ಹಿಂಡಿಯಲ್ಲಿ ಬೆಳೆದ ಬೂಷ್ಟು ಕಾರಣವೆಂದು ಗೊತ್ತಾಯಿತು. ಆ ಬೂಷ್ಟು ಸ್ರವಿಸುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಇದು ದೂರದ ಕೋಳಿಗಳ ಮಾತೆಂದು ತಳ್ಳಿಹಾಕುವಂತಿಲ್ಲ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಮಳೆಗೆ ಸಿಕ್ಕು ಬೂಷ್ಟು ಹಿಡಿದ ಮೆಕ್ಕೆಜೋಳ ಉಂಡು ನೂರಕ್ಕೂ ಹೆಚ್ಚು ಜನ ಕಾಮಾಲೆಯಿಂದ ತೀರಿಕೊಂಡರು. ಸ್ವಲ್ಪ ಸ್ವಲ್ಪವಾಗಿ ಬಹುಕಾಲ ದೇಹ ಸೇರಿದರೆ ಇದೇ ವಿಷ ಯಕೃತ್ತಿನ ಕ್ಯಾನ್ಸರಿಗೂ ಕಾರಣವಾಗಬಲ್ಲದು.

ಹಸುವಿಗೆ ಬೂಷ್ಟು ಹಿಡಿದ ಶೇಂಗಾ ಹಿಂಡಿಯನ್ನೋ ಹತ್ತಿಕಾಳಿನ ಹಿಂಡಿಯನ್ನೋ ತಿನ್ನಿಸಿದರೆ, ಆ ವಿಷದ ಒಂದು ಸಣ್ಣ ಪಾಲು ರೂಪ ಬದಲಿಸಿಕೊಂಡು ಒಂದು ದಿನದೊಳಗಾಗಿ ಹಾಲಿಗಿಳಿಯುತ್ತದೆ. ಅದಕ್ಕೆ ಅಫ್ಲಾಟಾಕ್ಸಿನ್ ಎಂ1 ಎಂದು ಹೆಸರು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದಿಲ್ಲ. ಹಾಲು ಹಿಂಡಿದವಳು ನೀರನ್ನೂ ಮುಟ್ಟಿಸದ ಸಾಧ್ವಿಯೇ ಇರಬಹುದು; ಆದರೂ ಹಾಲಿನಲ್ಲಿ ವಿಷವಿರಬಹುದು. ನಮ್ಮ ದೇಶದ ಕಾನೂನು ಒಂದು ಕಿಲೋ ಹಾಲಿನಲ್ಲಿ ಅರ್ಧ ಮೈಕ್ರೋಗ್ರಾಮಿಗಿಂತ ಹೆಚ್ಚು ಇರಕೂಡದೆಂದು ಹೇಳುತ್ತದೆ. ಅರ್ಧ ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ 20 ಲಕ್ಷದಲ್ಲಿ ಒಂದು ಪಾಲು. ಹತ್ತು ಸಾವಿರ ಲೀಟರಿನ ಟ್ಯಾಂಕರುಗಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 200 ಟ್ಯಾಂಕರುಗಳ ಹಾಲಿಗೆ ಕೂಡಿ ಒಂದೇ ಒಂದು ಗ್ರಾಂ. ಇದನ್ನು ಯಾವ ಅಜ್ಜಿಯ ನಾಲಿಗೆಯೂ ಹಿಡಿಯಲಾರದು. ಈ ವಿಷವನ್ನಷ್ಟೇ ಅಪ್ಪಿ ಹಿಡಿಯುವ ವಸ್ತುವನ್ನು ತುಂಬಿದ ಕಿರುಗೊಳವೆಯ ಮೂಲಕ ಹಾಲನ್ನು ಹಾಯಿಸಿ, ಸಿಕ್ಕಿದ್ದನ್ನು ತೊಳೆದು ತೆಗೆದು, ನೇರಳಾತೀತ ಬೆಳಕಿನಲ್ಲಿ ಅದು ಬೀರುವ ನೀಲಿ ಹೊಳಪನ್ನು ಯಂತ್ರದಿಂದ ಅಳೆಯುತ್ತಾರೆ. ನಾಲಿಗೆಯ ಸಾಮರ್ಥ್ಯ ಮುಗಿದಲ್ಲಿ ಪ್ರಯೋಗಾಲಯದ ಕೆಲಸ ಶುರುವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹಾಲಿಗೆ ತಿಳಿಯದೆ ಸೇರುವ ಇನ್ನೊಂದು ವಸ್ತು ಔಷಧ. ಕೆಚ್ಚಲು ಬಾವಿಗೆ ಚುಚ್ಚುಮದ್ದು ಹಾಕಿಸಿದ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಮಾರದೆ ಚೆಲ್ಲಬೇಕು. ಚೆಲ್ಲದಿದ್ದರೆ ಆ್ಯಂಟಿಬಯಾಟಿಕ್ ಔಷಧದ ಶೇಷ ಹಾಲಿನ ಜೊತೆ ಬರುತ್ತದೆ. ಹೆಪ್ಪು ಹಾಕಿದರೂ ಮೊಸರಾಗದ ಹಾಲಿನ ಬಗ್ಗೆ ನಮ್ಮ ತಾಯಂದಿರು ದೃಷ್ಟಿ ತಾಕಿತೆಂದು ಗೊಣಗುವುದುಂಟು. ಕೆಲವೊಮ್ಮೆ ತಾಕಿದ್ದು ದೃಷ್ಟಿಯಲ್ಲ, ಔಷಧ. ಅದು ಹೆಪ್ಪಿನ ಸೂಕ್ಷ್ಮಜೀವಿಗಳನ್ನೂ ಬೆಳೆಯಗೊಡುವುದಿಲ್ಲ.

ಹಾಗಾದರೆ ನಮ್ಮ ದೇಶದ ಹಾಲು ಹೇಗಿದೆ? ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2011ರಲ್ಲಿ 1,791 ಮಾದರಿಗಳನ್ನು ಪರೀಕ್ಷಿಸಿದಾಗ ಶೇಕಡಾ 68.4ರಷ್ಟು ಮಾದರಿಗಳು ನಿಗದಿಯಾದ ಮಟ್ಟಕ್ಕೆ ಬರಲಿಲ್ಲ. ಪತ್ರಿಕೆಗಳಲ್ಲಿ "ಮೂರರಲ್ಲಿ ಎರಡು ಪಾಲು ಹಾಲು ಕಲಬೆರಕೆ" ಎಂದಾಯಿತು. ಬಾಯಿಂದ ಬಾಯಿಗೆ ಹೋಗುವಾಗ "ವಿಷ" ಎಂದಾಯಿತು. ವಾಸ್ತವವಾಗಿ ಅವುಗಳಲ್ಲಿ ದೊಡ್ಡ ಪಾಲು ನೀರು ಬೆರೆತು ಜಿಡ್ಡು ಅಥವಾ ಘನಾಂಶ ಕಡಿಮೆಯಾದವು. ಮಾರ್ಜಕ ಸಿಕ್ಕವೂ ಕೆಲವಿದ್ದವು. ಅದೇ ಪ್ರಾಧಿಕಾರ 2018ರಲ್ಲಿ 1,103 ಪಟ್ಟಣಗಳಿಂದ 6,432 ಮಾದರಿ ತೆಗೆದು "ಜಿಡ್ಡು ಎಷ್ಟು?" ಎಂಬುದನ್ನೂ "ಅಪಾಯವೇ?" ಎಂಬುದನ್ನೂ ಬೇರೆಬೇರೆಯಾಗಿ ಕೇಳಿತು. ಸುಮಾರು ಶೇಕಡಾ 41ರಷ್ಟು ಮಾದರಿಗಳು ಯಾವುದಾದರೊಂದು ಗುಣಮಟ್ಟದಲ್ಲಿ ಹಿಂದೆ ಬಿದ್ದವು. ಆದರೆ ಶೇಕಡಾ 93ರಷ್ಟು ಮಾದರಿಗಳು ಕುಡಿಯಲು ಸುರಕ್ಷಿತವಾಗಿದ್ದವು. ಅಪಾಯಕರ ಕಲಬೆರಕೆ ಸಿಕ್ಕಿದ್ದು 12 ಮಾದರಿಗಳಲ್ಲಿ. ಮಿತಿ ಮೀರಿದ ಔಷಧ ಶೇಷ 77ರಲ್ಲಿ. ಮಿತಿ ಮೀರಿದ ಅಫ್ಲಾಟಾಕ್ಸಿನ್ 368 ಮಾದರಿಗಳಲ್ಲಿ. ಈ ಮೂರು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ನಾವೆಲ್ಲ ಕಳ್ಳನಿಗೆ ಹೆದರಿ ಬಾಗಿಲು ಹಾಕಿಕೊಂಡಿದ್ದೆವು. ಶತ್ರು ಕೊಟ್ಟಿಗೆಯ ಹಿಂಡಿಯ ಚೀಲದಲ್ಲಿದ್ದ. ಅಳೆಯದೆ ಇದು ಗೊತ್ತಾಗುವುದು ಸಾಧ್ಯವೇ ಇರಲಿಲ್ಲ. ಆ ಸಮೀಕ್ಷೆ ನಡೆದದ್ದು 50,000ಕ್ಕೂ ಹೆಚ್ಚು ಜನರಿರುವ ಪಟ್ಟಣಗಳಲ್ಲಿ ಎಂಬುದನ್ನೂ ಹೇಳುವುದು ನಮ್ಮ ಕರ್ತವ್ಯ. ಅಳೆದಷ್ಟರ ಮಾತನ್ನೇ ಅಳತೆ ಹೇಳುತ್ತದೆ.

ಇನ್ನು ಅಳೆಯುವವರನ್ನು ಅಳೆಯುವವರಾರು? ಇದು ನ್ಯಾಯವಾದ ಪ್ರಶ್ನೆ. ಒಳ್ಳೆಯ ಪ್ರಯೋಗಾಲಯ ಈ ಪ್ರಶ್ನೆಯನ್ನು ತನಗೆ ತಾನೇ ದಿನವೂ ಕೇಳಿಕೊಳ್ಳುತ್ತದೆ. ವಿಷವಿಲ್ಲವೆಂದು ಖಚಿತವಾಗಿ ಗೊತ್ತಿರುವ ಹಾಲನ್ನು ಯಂತ್ರಕ್ಕೆ ಕೊಟ್ಟು, ಅದು ಇಲ್ಲವೆಂದೇ ಹೇಳುತ್ತದೆಯೇ ಎಂದು ನೋಡುತ್ತಾರೆ. ಗೊತ್ತಿರುವಷ್ಟು ವಿಷವನ್ನು ತಾವೇ ಬೆರೆಸಿ, ಅಷ್ಟೂ ತಿರುಗಿ ಸಿಗುತ್ತದೆಯೇ ಎಂದು ನೋಡುತ್ತಾರೆ. ಒಂದೇ ಮಾದರಿಯನ್ನು ಬೇರೆಬೇರೆ ಪ್ರಯೋಗಾಲಯಗಳಿಗೆ ಕಳಿಸಿ ಅಂಕಿಗಳನ್ನು ತಾಳೆ ಹಾಕುತ್ತಾರೆ. ಇವನ್ನೆಲ್ಲ ಕ್ರಮವಾಗಿ ಮಾಡುವ ಪ್ರಯೋಗಾಲಯಕ್ಕೆ ಮಾತ್ರ ಮಾನ್ಯತೆ. 2015ರಲ್ಲಿ ನೂಡಲ್ಸಿನಲ್ಲಿ ಸೀಸದ ಅಂಶ ಮಿತಿ ಮೀರಿದೆಯೆಂದು ದೇಶವೆಲ್ಲ ಗದ್ದಲವಾಗಿ, ಪ್ರಸಿದ್ಧ ತಯಾರಿಕೆಯೊಂದನ್ನು ನಿಷೇಧಿಸಿದ್ದು ಓದುಗರಿಗೆ ನೆನಪಿರಬಹುದು. ಮುಂಬಯಿ ಉಚ್ಚ ನ್ಯಾಯಾಲಯವು ಆ ನಿಷೇಧವನ್ನು ತೆಗೆದುಹಾಕುವಾಗ, ಆ ಪರೀಕ್ಷೆಗಳು ಅದಕ್ಕೆ ತಕ್ಕ ಮಾನ್ಯತೆ ಪಡೆದ ಪ್ರಯೋಗಾಲಯಗಳಲ್ಲಿ ನಡೆದಿಲ್ಲವೆಂಬುದನ್ನು ಕಾರಣಗಳಲ್ಲೊಂದಾಗಿ ಎತ್ತಿ ಹೇಳಿ, ಮಾನ್ಯ ಪ್ರಯೋಗಾಲಯಗಳಲ್ಲಿ ಮರುಪರೀಕ್ಷೆಗೆ ಆಜ್ಞೆ ಮಾಡಿತು. ಆರೋಪಿಯಂತೆ ತಕ್ಕಡಿಯೂ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. ಅದು ತಕ್ಕಡಿಗೆ ಅವಮಾನವಲ್ಲ, ಅದರ ಯೋಗ್ಯತೆಯ ಪರೀಕ್ಷೆ.

ಅದಕ್ಕಾಗಿಯೇ 2006ರ ಆಹಾರ ಸುರಕ್ಷತೆ ಕಾನೂನಿನ ಪ್ರಕಾರ ಅಧಿಕಾರಿ ತೆಗೆದ ಮಾದರಿಯನ್ನು ನಾಲ್ಕು ಪಾಲು ಮಾಡಿ ಮುದ್ರೆ ಹಾಕುತ್ತಾರೆ. ಒಂದು ಪಾಲು ಆಹಾರ ವಿಶ್ಲೇಷಕರಿಗೆ ಹೋಗುತ್ತದೆ. ಅವರು 14 ದಿನಗಳಲ್ಲಿ ವರದಿ ಕೊಡಬೇಕು. ವ್ಯಾಪಾರಿ ಬಯಸಿದರೆ ಒಂದು ಪಾಲು ಮಾನ್ಯತೆ ಪಡೆದ ಬೇರೊಂದು ಪ್ರಯೋಗಾಲಯಕ್ಕೆ ಹೋಗುತ್ತದೆ. ವಿವಾದವಾದರೆ ನಿರ್ಣಾಯಕ ಪ್ರಯೋಗಾಲಯಕ್ಕೆ ಮೇಲ್ಮನವಿ. ಅಂಥ ಪ್ರಯೋಗಾಲಯಗಳಲ್ಲೊಂದು ನಮ್ಮ ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ 1950ರಿಂದ ನಡೆದುಬಂದಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿದೆ ಎಂಬುದು ಕನ್ನಡಿಗರು ಹೆಮ್ಮೆಪಡುವ ಸಂಗತಿ. ಸಾಮಾನ್ಯ ಗ್ರಾಹಕನೂ ತಾನು ಕೊಂಡ ಆಹಾರವನ್ನು ಶುಲ್ಕ ಕೊಟ್ಟು ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಹಾಗೆ ಮಾಡಿಸುವೆನೆಂದು ಕೊಳ್ಳುವಾಗಲೇ ಅಂಗಡಿಯವನಿಗೆ ತಿಳಿಸಬೇಕು. ದೋಷ ಸಿದ್ಧವಾದರೆ ಶುಲ್ಕ ಹಿಂದಕ್ಕೆ ಬರುತ್ತದೆ. ಜಾತ್ರೆ ಉತ್ಸವಗಳಲ್ಲಿ ಸಾವಿರಾರು ಜನರಿಗೆ ದಾಸೋಹ ನಡೆಸುವ ಮಠಗಳೂ ಸಂಘಗಳೂ ಈ ಅವಕಾಶವನ್ನು ತಿಳಿದಿರುವುದು ಒಳ್ಳೆಯದು.

ಆದರೆ ಎಷ್ಟೇ ದೊಡ್ಡ ಯಂತ್ರವಿದ್ದರೂ ಅಳತೆಯ ಮೊದಲ ಹೆಜ್ಜೆ ಒಂದು ಜೋಡಿ ಕೈಗಳದ್ದು. ಕ್ಯಾನಿನಲ್ಲಿ ನಿಂತ ಹಾಲಿನ ಕೆನೆ ಮೇಲಕ್ಕೇರಿರುತ್ತದೆ. ಚೆನ್ನಾಗಿ ಕಲಕದೆ ಮೇಲಿನಿಂದ ಮಾದರಿ ತೆಗೆದರೆ ಜಿಡ್ಡು ಹೆಚ್ಚು ಬಂದೀತು, ತಳದಿಂದ ತೆಗೆದರೆ ಕಡಿಮೆ ಬಂದೀತು. ಆಮೇಲೆ ಯಂತ್ರ ಎಷ್ಟು ನಿಖರವಾಗಿ ಅಳೆದರೂ ಅದು ನಿಖರವಾದ ಸುಳ್ಳು. ಬೆಳಗಿನ ಐದೂವರೆಗೆ ಚಳಿಯಲ್ಲಿ ನಿಂತು ಪ್ರತಿ ಕ್ಯಾನನ್ನೂ ಕಲಕಿ, ಸೀಸೆಯ ಮೇಲೆ ಸರಿಯಾದ ಸಂಖ್ಯೆ ಬರೆಯುವ ಸಂಘದ ಹುಡುಗನ ಕೆಲಸವನ್ನು ನಾವು ಕಾಯಕವೆಂದೇ ಕರೆಯುತ್ತೇವೆ. ನಮ್ಮ ಮಕ್ಕಳ ಆರೋಗ್ಯ ಅವನ ಕೈಯಲ್ಲಿದೆ. ಅವನಿಗೆ ಅದು ಗೊತ್ತಿರಲಿಕ್ಕಿಲ್ಲ.

ಈಗ ಗದಗ ಸೀಮೆಯ ತಾಯಿಯವರಿಗೆ ನಮ್ಮ ಉತ್ತರ.

ತಾಯಿ, ಮೊಮ್ಮಗಳಿಗೆ ಹಾಲು ಕೊಡಿರಿ. ಕರಿಚಹಾದಲ್ಲಿ ಕೂಸನ್ನು ಬೆಳೆಸುವ ಸತ್ತ್ವವಿಲ್ಲ. ಅದು ಊಟದಲ್ಲಿನ ಕಬ್ಬಿಣದ ಅಂಶವನ್ನೂ ಮೈಗೆ ಹತ್ತಗೊಡುವುದಿಲ್ಲ. ಕಾಣದ ವಿಷಕ್ಕೆ ಹೆದರಿ ಕಣ್ಣೆದುರಿನ ಕೂಸನ್ನು ಸೊರಗಿಸುವುದು ಬೇಡ. ಅದು ಸೊರಗುತ್ತಲೇ ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿರಿ. ಚೀಲದ ಹಾಲಾದರೆ ಮಾನ್ಯ ಡೇರಿಯದನ್ನು, ದಿನಾಂಕ ನೋಡಿ ಕೊಳ್ಳಿರಿ. ಮನೆಯ ಎಮ್ಮೆಯದೋ ನೆರೆಮನೆಯದೋ ಆದರೆ ಚೆನ್ನಾಗಿ ಕುದಿಸಿಯೇ ಕೊಡಿರಿ. ಹಸಿಹಾಲಿನಿಂದ ಹರಡುವ ರೋಗಗಳು ಕುದಿಸಿದರೆ ಸಾಯುತ್ತವೆ. ಕುದಿಸಿದರೂ ಸಾಯದ್ದು ಬೂಷ್ಟಿನ ವಿಷ. ಅದನ್ನು ಒಲೆಯ ಮೇಲಲ್ಲ, ಕೊಟ್ಟಿಗೆಯಲ್ಲಿ ತಡೆಯಬೇಕು. ಹಿಂಡಿಯ ಚೀಲವನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿರಿ. ಮಳೆಗಾಲದಲ್ಲಿ ತೇವ ತಾಗದಂತೆ ನೋಡಿರಿ. ಬೂಷ್ಟು ಬಂದ ಹಿಂಡಿಯನ್ನು, ಮನುಷ್ಯರು ತಿನ್ನಲಾರದ್ದನ್ನು ದನಕ್ಕಾದರೂ ಹಾಕೋಣ ಎಂದು ಹಾಕಬೇಡಿರಿ. ದನಕ್ಕೆ ಹಾಕಿದ್ದು ತಿರುಗಿ ಕೂಸಿನ ಬಟ್ಟಲಿಗೇ ಬರುತ್ತದೆ. ಕೆಟ್ಟ ಮೇವು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಹಾಲು ತಿರುಗಿ ಶುದ್ಧವಾಗುತ್ತದೆ ಎಂಬುದೂ ಅಳೆದು ತಿಳಿದ ಮಾತೇ. ಹಾಲು ಪದೇ ಪದೇ ಹೆಪ್ಪುಗಟ್ಟದಿದ್ದರೆ ಹಸುವಿಗೆ ಔಷಧ ಹಾಕಿಸಿದ್ದೀರಾ ಎಂದು ಮಾರುವವರನ್ನು ಸಂಕೋಚವಿಲ್ಲದೆ ಕೇಳಿರಿ.

ಮುಂದೆ ಯಾರಾದರೂ ಇಂಥ ಸಂದೇಶವನ್ನು ತಂದು ತೋರಿಸಿದಾಗ ಮೂರು ಮಾತು ಕೇಳಿರಿ: ಏನನ್ನು ಅಳೆದರು, ಎಷ್ಟು ಸಿಕ್ಕಿತು, ಅಳೆದವರಾರು? ಉತ್ತರವಿದ್ದರೆ ಕಿವಿಗೊಟ್ಟು ಕೇಳಿರಿ. ಇಲ್ಲದಿದ್ದರೆ ಮೊಬೈಲನ್ನು ಪಕ್ಕಕ್ಕಿಟ್ಟು ಕೂಸಿನ ಬಟ್ಟಲಿಗೆ ಹಾಲು ಬಗ್ಗಿಸಿರಿ. ಕೂಸು ಚೇತರಿಸಿಕೊಂಡ ಮೇಲೆ ನಮಗೊಂದು ಕಾಗದ ಬರೆಯಲು ಮರೆಯಬೇಡಿರಿ.